ಹಳೆಯ ಹಾಡಿನ ಒಡೆಯರು ಯಾರು?

ತಮಿಳುನಾಡಿನ ಕಂಬಂ ಕಣಿವೆ ಕನ್ನಡಿಗರಿಗೆ ತೀರ ಪರಸ್ಥಳವಲ್ಲ. ಮನೆಯೊಳಗೆ ಕನ್ನಡವಾಡುವ ಒಕ್ಕಲಿಗ ಕುಟುಂಬಗಳು ಅಲ್ಲಿ ತಲೆಮಾರುಗಳಿಂದ ಇವೆ. ಅದೇ ಸೀಮೆಯ ಪಣ್ಣೈಪುರಂನಲ್ಲಿ 1943ರಲ್ಲಿ ಹುಟ್ಟಿದ ಸಂಗೀತ ನಿರ್ದೇಶಕ ಇಳಯರಾಜ, ಅಣ್ಣ ಪಾವಲರ್ ವರದರಾಜನ್ ಜೊತೆ ಕಮ್ಯುನಿಸ್ಟ್ ಪಕ್ಷದ ಸಭೆಗಳಲ್ಲಿ ಹಾರ್ಮೋನಿಯಂ ನುಡಿಸುತ್ತ ಬೆಳೆದರು. ಮದ್ರಾಸಿಗೆ ಹೋದ ಮೇಲೆ ಸಿನಿಮಾ ಕೆಲಸ ಕಲಿತದ್ದು ನಮ್ಮ ಜಿ.ಕೆ. ವೆಂಕಟೇಶ್ ಅವರ ಕೈಕೆಳಗೆ. 1976ರ ‘ಅನ್ನಕ್ಕಿಳಿ’ಯಿಂದ ಸ್ವತಂತ್ರರಾದರು, ಮುಂದೆ ನಮಗೆ ‘ಗೀತಾ’, ‘ಪಲ್ಲವಿ ಅನುಪಲ್ಲವಿ’ ಕೊಟ್ಟರು. ಎಂಬತ್ತು ದಾಟಿದ ಮೇಲೂ ಅವರು ಕೆಲಸ ಬಿಟ್ಟಿಲ್ಲ. ಉದ್ಯಮವೇ ಬದಲಾದಾಗ ವಯಸ್ಸಾದ ಸಂಗೀತಗಾರರು ಏನು ಮಾಡಬೇಕು ಎಂಬ ಪ್ರಶ್ನೆಗೆ ಅವರ ಬದುಕಿನಲ್ಲಿ ಉತ್ತರವಿದೆ, ಆ ಉತ್ತರದ ಮಿತಿಯೂ ಇದೆ.

ಹಿರಿಯರಿಗೆ ಸಾಮಾನ್ಯವಾಗಿ ಸಿಗುವ ಬುದ್ಧಿಮಾತು ಒಂದೇ: ಹೊಸ ಸೌಂಡ್ ಕಲಿಯಿರಿ, ರೀಲ್ಸ್ ಮಾಡಿ. ಇದು ಅರ್ಧ ಸತ್ಯ ಮಾತ್ರ. ಇಳಯರಾಜ ಯಂತ್ರಕ್ಕೆ ಬೆನ್ನು ತೋರಿಸಿದವರಲ್ಲ. 1986ರ ‘ಪುನ್ನಗೈ ಮನ್ನನ್’ ಚಿತ್ರದಲ್ಲೇ ಅವರು ಕಂಪ್ಯೂಟರ್ ಸೀಕ್ವೆನ್ಸರ್ ಬಳಸಿದ್ದರು. ಆದರೂ 1992ರಲ್ಲಿ ಬೇರೊಬ್ಬರ ಸಂಗೀತದ ‘ರೋಜಾ’ ಬಂದ ನಂತರ ಕೇಳುಗರ ಕಿವಿ ಬೇರೆ ಕಡೆ ಹೊರಳಿತು. ತಂತ್ರ ಗೊತ್ತಿದ್ದರೂ ಫ್ಯಾಷನ್ ಕೈಬಿಡುತ್ತದೆ. ಹಾಗಿದ್ದ ಮೇಲೆ, ನಿನ್ನೆ ಮಾಡಿದ ಕೆಲಸ ಯಾರ ಹೆಸರಿನಲ್ಲಿದೆ ಎಂದು ಮೊದಲು ಕೇಳಬೇಕು.

ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಒಂದು ಸಿನಿಮಾ ಹಾಡಿನಲ್ಲಿ ಮೂರು ಕೃತಿಗಳಿರುತ್ತವೆ: ಸಾಹಿತ್ಯ, ರಾಗಸಂಯೋಜನೆ, ಧ್ವನಿಮುದ್ರಣ. ಮೂರರ ಹಕ್ಕೂ ಬೇರೆಬೇರೆ. ಇದಲ್ಲದೆ ಹಾಡಿದವರಿಗೆ, ನುಡಿಸಿದವರಿಗೆ ಪ್ರದರ್ಶಕರ ಹಕ್ಕು ಎಂಬುದಿದೆ. ಕ್ಯಾಸೆಟ್ ಕಾಲದಲ್ಲಿ ಇದು ಹೆಚ್ಚಿನವರ ತಲೆಗೆ ಬರಲಿಲ್ಲ. ನಿರ್ಮಾಪಕರು ಇಡಿಗಂಟು ಕೊಟ್ಟರು, ಕಲಾವಿದರು ಸಹಿ ಹಾಕಿದರು, ಅಲ್ಲಿಗೆ ಮುಗಿಯಿತು. ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ ಸಿನಿಮಾ ಹಾಡಿನ ಒಡೆಯರು ನಿರ್ಮಾಪಕರೇ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತ್ತು.

ಈಗ ಹಾಡನ್ನು ಯಾರೂ ಕೊಳ್ಳುವುದಿಲ್ಲ, ಕೇಳುತ್ತಾರೆ ಅಷ್ಟೆ. ಫೋನಿನಲ್ಲಿ ಪ್ರತಿ ಸಲ ಕೇಳಿದಾಗ ಎಲ್ಲೋ ಒಂದಿಷ್ಟು ಪೈಸೆ ಹುಟ್ಟುತ್ತದೆ, ಮತ್ತು ಅದು ವರ್ಷಾನುಗಟ್ಟಲೆ ಹುಟ್ಟುತ್ತಲೇ ಇರುತ್ತದೆ. ನಲವತ್ತು ವರ್ಷದ ಹಿಂದಿನ ಹಾಡಿಗೂ ಹೊಸ ಬೆಲೆ ಬಂದದ್ದು ಹೀಗೆ. ಇಡಿಗಂಟು ತೆಗೆದುಕೊಂಡು ಹೋದವರಿಗೆ ಅದರಲ್ಲಿ ಪಾಲೆಲ್ಲಿ? 2012ರ ಕೃತಿಸ್ವಾಮ್ಯ ಕಾಯ್ದೆ ತಿದ್ದುಪಡಿ ಇಲ್ಲೇ ಕೈಹಾಕಿತು. ಥಿಯೇಟರಿನಲ್ಲಿ ಚಿತ್ರದ ಜೊತೆ ತೋರಿಸುವುದೊಂದನ್ನು ಬಿಟ್ಟು, ಉಳಿದ ಬಳಕೆಗಳ ರಾಯಲ್ಟಿಯಲ್ಲಿ ಕವಿಗೂ ಸಂಗೀತ ನಿರ್ದೇಶಕರಿಗೂ ಸಮಪಾಲು ಸಿಗಬೇಕು. ಆ ಪಾಲನ್ನು ಅವರು ಬಯಸಿದರೂ ಬಿಟ್ಟುಕೊಡಲಾಗದು. ನನ್ನ ಮಟ್ಟಿಗೆ, ಭಾರತದ ಹಿರಿಯ ಸಂಗೀತಗಾರರಿಗೆ ಸಿಕ್ಕ ಅತಿದೊಡ್ಡ ಆಸರೆ ಇದೇ. ಆದರೆ ಅದಕ್ಕೂ ಮೊದಲಿನ ಹಾಡುಗಳ ಕುರಿತ ವ್ಯಾಜ್ಯಗಳು ಕೋರ್ಟುಗಳಲ್ಲಿ ಮುಂದುವರಿದಿವೆ.

2017ರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಅಮೆರಿಕ ಪ್ರವಾಸದ ವೇಳೆ ಇಳಯರಾಜ ತಮ್ಮ ಹಾಡುಗಳ ಹಕ್ಕು ಕೇಳಿ ನೋಟಿಸ್ ಕಳಿಸಿದಾಗ ಅಭಿಮಾನಿಗಳು ನೊಂದುಕೊಂಡರು. ಹಳೆಯ ಗೆಳೆಯನಿಗೆ ವಕೀಲರ ಕಾಗದ ಹೋಗಬಾರದಿತ್ತು. ಆ ನೋವು ನ್ಯಾಯವಾದದ್ದೇ. ಕೇಳಿದ ಹಕ್ಕು ಮಾತ್ರ ತಪ್ಪಲ್ಲ. ಟಿಕೆಟ್ ಇಟ್ಟು ನಡೆಸುವ ಕಛೇರಿಗೆ ಪರವಾನಗಿ ಪಡೆಯುವುದು ಸಂಘಟಕರ ಹೊಣೆ. ಗಾಯಕರ ಜೇಬಿಗೆ ಯಾರೂ ಕೈಹಾಕಬೇಕಾಗಿಲ್ಲ. ಇಬ್ಬರೂ 2019ರಲ್ಲಿ ಮತ್ತೆ ಒಂದೇ ವೇದಿಕೆಯಲ್ಲಿ ಕಾಣಿಸಿಕೊಂಡದ್ದು ಸಮಾಧಾನ ತಂದಿತು. 2024ರಲ್ಲಿ ‘ಮಂಜುಮ್ಮೆಲ್ ಬಾಯ್ಸ್’ ಚಿತ್ರದಲ್ಲಿ ‘ಗುಣಾ’ದ ಹಾಡು ಬಳಸಿದಾಗಲೂ ಇಳಯರಾಜ ನೋಟಿಸ್ ಕೊಟ್ಟರು. 1991ರ ಹಾಡು ಹೊಸ ತಲೆಮಾರಿನ ಚಿತ್ರವನ್ನು ಎತ್ತಿ ಹಿಡಿಯುತ್ತದೆ ಎಂದಾದರೆ, ಅದನ್ನು ಕಟ್ಟಿದವರನ್ನು ಕೇಳುವುದರಲ್ಲಿ ಅತಿಯೇನಿದೆ?

ಅವರ ಇನ್ನೊಂದು ದಾರಿ ವೇದಿಕೆ ಮತ್ತು ಸ್ವಂತ ಜಾಗ. ದಶಕಗಳ ಕಾಲ ಕೆಲಸ ಮಾಡಿದ ಪ್ರಸಾದ್ ಸ್ಟುಡಿಯೋದ ಕೋಣೆ ಕೈತಪ್ಪಿದಾಗ, 2021ರಲ್ಲಿ ಚೆನ್ನೈನಲ್ಲೇ ತಮ್ಮದೇ ಸ್ಟುಡಿಯೋ ತೆರೆದರು. 2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ಅವರ ‘ವ್ಯಾಲಿಯಂಟ್’ ಸಿಂಫನಿಯ ಪ್ರದರ್ಶನ ನಡೆಯಿತು. ಇಲ್ಲಿ ಅವರು ಹರೆಯದವರ ದನಿಯನ್ನು ಅನುಕರಿಸಲಿಲ್ಲ. ಕಾಗದದ ಮೇಲೆ ಸ್ವರ ಬರೆಯುವ ತಮ್ಮ ಹಳೆಯ ವಿದ್ಯೆಯನ್ನೇ ಇನ್ನಷ್ಟು ದೊಡ್ಡದಾಗಿ ಮಾಡಿದರು.

ಎಲ್ಲರೂ ಇಳಯರಾಜ ಅಲ್ಲ ಎಂಬ ಆಕ್ಷೇಪ ಸರಿಯೇ. ಅವರ ವಾದ್ಯವೃಂದದಲ್ಲಿ ಕೂತ ಪಿಟೀಲು, ತಬಲಾ, ಕೊಳಲು ವಾದಕರನ್ನು ನೆನೆಯಿರಿ. ಸಾಲುಸಾಲು ಪಿಟೀಲುಗಳು ಬೇಕಾಗಿದ್ದ ಕಡೆ ಒಂದು ಕೀಬೋರ್ಡ್ ಸಾಕು ಎಂದಾದಾಗ ಮೊದಲು ಕರೆ ನಿಂತದ್ದು ಅವರಿಗೆ. ಕ್ಯಾಸೆಟ್ಟಿನ ಮೇಲೆ ಅವರ ಹೆಸರೇ ಇರಲಿಲ್ಲ. ಇನ್ನು ಜಾತ್ರೆ, ಮದುವೆಗಳಲ್ಲಿ ನಾದಸ್ವರ, ತವಿಲ್ ನುಡಿಸುವವರಿಗೆ ಧ್ವನಿಮುದ್ರಣವೇ ಇಲ್ಲ, ರಾಯಲ್ಟಿ ಎಲ್ಲಿಂದ ಬರಬೇಕು? ಇಂಥವರ ಆಸ್ತಿ ಕೈಯಲ್ಲಿರುವ ವಿದ್ಯೆ. ಅದಕ್ಕೆ ಮಾರುಕಟ್ಟೆ ಪಾಠದಲ್ಲಿದೆ. ವಿದೇಶದ ಮಕ್ಕಳಿಗೂ ವಿಡಿಯೊ ಕರೆಯಲ್ಲಿ ಕಲಿಸಬಹುದು. ನಮ್ಮಲ್ಲಿ ಹಂಸಲೇಖ ಟಿವಿಯ ‘ಸರಿಗಮಪ’ದಲ್ಲಿ ಮಹಾಗುರುವಾಗಿ ಕೂತು ಹೊಸ ಕೇಳುಗರನ್ನು ಪಡೆದದ್ದೂ ಕಲಿಸುವವರ ಪಾತ್ರದಲ್ಲೇ.

ನಿಮ್ಮ ಮನೆಯಲ್ಲಿ ಅಥವಾ ಬೀದಿಯಲ್ಲಿ ಹಿರಿಯ ಕಲಾವಿದರಿದ್ದರೆ ಈ ವಾರ ಅವರ ಜೊತೆ ಕೂತುಕೊಳ್ಳಿ. ಯಾವ ಹಾಡಿಗೆ, ಯಾವ ವರ್ಷ, ಯಾರ ಬಳಿ ಕೆಲಸ ಮಾಡಿದರು ಎಂದು ಬರೆದಿಡಿ. ಹಳೆಯ ಒಪ್ಪಂದದ ಕಾಗದವಿದ್ದರೆ ಫೋಟೊ ತೆಗೆದಿಡಿ. ಸಾಹಿತ್ಯ ಬರೆದವರು, ರಾಗ ಹಾಕಿದವರು ಆಗಿದ್ದರೆ ಅವರ ರಾಯಲ್ಟಿ ಸಂಗ್ರಹಿಸುವ ಸಂಸ್ಥೆಯಾದ ಐಪಿಆರ್‌ಎಸ್ ಸದಸ್ಯತ್ವಕ್ಕೆ ಅರ್ಜಿ ಹಾಕಿಸಿ. ಗಾಯಕರಾಗಿದ್ದರೆ ಗಾಯಕರ ಹಕ್ಕುಗಳ ಸಂಸ್ಥೆಯನ್ನು ವಿಚಾರಿಸಿ. ಕಾರ್ಯಕ್ರಮ ನಡೆಸುವವರು ಲೈಟು, ಶಾಮಿಯಾನದ ಲೆಕ್ಕ ಬರೆಯುವಾಗ ಹಾಡು ಕಟ್ಟಿದವರಿಗೆ ಸಲ್ಲಬೇಕಾದ ಹಣವನ್ನೂ ಅದರಲ್ಲಿ ಸೇರಿಸಿ.