ಶೂನ್ಯ ಬಿಲ್ಲಿನ ಬೆಲೆಯನ್ನು ತೆರುವವರು ಯಾರು?

2023ರಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂದಂದಿನಿಂದ ನಮ್ಮಲ್ಲಿ ಅನೇಕರ ಮನೆಗಳಿಗೆ ಶೂನ್ಯ ಮೊತ್ತದ ವಿದ್ಯುತ್ ಬಿಲ್ಲು ಬರುತ್ತಿದೆ. ಬಡವರ ಮನೆಯಲ್ಲಿ ದೀಪ ಬೆಳಗುವುದನ್ನು ಯಾರೂ ಆಕ್ಷೇಪಿಸಬಾರದು. ಆದರೆ ಬಿಲ್ಲಿನಲ್ಲಿ ಶೂನ್ಯವೆಂದು ಬರೆದ ಮಾತ್ರಕ್ಕೆ ಆ ಬೆಳಕಿಗೆ ಯಾರೂ ಬೆಲೆ ತೆರುತ್ತಿಲ್ಲವೆಂದು ತಿಳಿಯಬಹುದೇ?

ನಮ್ಮ ದೇಶದ ವಿದ್ಯುತ್ತಿನ ಬಹುಪಾಲು ಇಂದಿಗೂ ಕಲ್ಲಿದ್ದಲಿನಿಂದಲೇ ಉತ್ಪಾದನೆಯಾಗುತ್ತಿದೆ. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ ಕೃಷ್ಣಾ ನದಿಯ ದಡದ ಮೇಲಿರುವ ಶಾಖೋತ್ಪನ್ನ ಕೇಂದ್ರ 1985ರಿಂದ ರಾಜ್ಯಕ್ಕೆ ವಿದ್ಯುತ್ ಕೊಡುತ್ತಾ ಬಂದಿದೆ. ಅದರ ಸಾಮರ್ಥ್ಯ 1,720 ಮೆಗಾವಾಟ್. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಶೇಕಡಾ 30ರಿಂದ 45ರಷ್ಟು ಬೂದಿಯೇ ಇರುತ್ತದೆ. ಅಂದರೆ ಮೂರು ಲಾರಿ ಕಲ್ಲಿದ್ದಲು ಸುಟ್ಟರೆ ಒಂದು ಲಾರಿ ಬೂದಿ ಉಳಿಯುತ್ತದೆ. ಅದರಲ್ಲಿ ಸಿಮೆಂಟಿಗೆ, ಇಟ್ಟಿಗೆಗೆ ಹೋಗದೆ ಉಳಿದದ್ದು ಸ್ಥಾವರದ ನೆರೆಹೊರೆಯವರ ಪಾಲು.

ಕಣ್ಣಿಗೆ ಕಾಣುವ ಬೂದಿಗಿಂತಲೂ ಕಾಣದ ಹೊಗೆ ಹೆಚ್ಚು ಕುಟಿಲವಾದುದು. ಚಿಮಣಿಯಿಂದ ಹೊರಬೀಳುವ ಸಲ್ಫರ್ ಡೈಆಕ್ಸೈಡ್ ಗಾಳಿಯಲ್ಲಿ ಸೂಕ್ಷ್ಮ ಕಣಗಳಾಗಿ ಮಾರ್ಪಟ್ಟು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಕೇಂದ್ರ ಸರ್ಕಾರ 2015ರ ಡಿಸೆಂಬರಿನಲ್ಲಿ ಈ ಅನಿಲಕ್ಕೆ ಮಿತಿಯನ್ನು ವಿಧಿಸಿ, ಎರಡು ವರ್ಷಗಳ ಗಡುವು ನೀಡಿತ್ತು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಕಟ್ಟಕಡೆಗೆ 2025ರ ಜುಲೈನಲ್ಲಿ, ನಿಗದಿತ ಎತ್ತರದ ಚಿಮಣಿ ಇದ್ದರೆ ಸಾಕೆಂದು, ಸುಮಾರು ಮುಕ್ಕಾಲು ಪಾಲಿಗೂ ಹೆಚ್ಚು ಸ್ಥಾವರಗಳನ್ನು ಈ ಮಿತಿಯಿಂದಲೇ ಬಿಡುಗಡೆ ಮಾಡಲಾಯಿತು. ದೆಹಲಿ ರಾಜಧಾನಿ ಪ್ರದೇಶ ಹಾಗೂ 10 ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಂದ 10 ಕಿಲೋಮೀಟರ್ ಒಳಗಿರುವ ಸ್ಥಾವರಗಳಿಗೆ ಮಾತ್ರ ನಿಯಮ ಕಡ್ಡಾಯವಾಗಿ ಉಳಿಯಿತು.

ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಎತ್ತರದ ಚಿಮಣಿ ಹೊಗೆಯನ್ನು ಚದುರಿಸುತ್ತದೆ ಎಂಬುದು ಇದರ ಸಮರ್ಥನೆ. ಗಂಧಕ ಕಡಿಮೆಯಿರುವುದು ನಿಜ. ಆದರೆ ಸುಡುವ ಕಲ್ಲಿದ್ದಲಿನ ರಾಶಿ ಅಪಾರವಾದಾಗ ಆ ಅಲ್ಪವೂ ಅಪಾರವೇ ಆಗುತ್ತದೆ. ಚದುರಿಸುವುದೆಂದರೆ ಇಲ್ಲವಾಗಿಸುವುದಲ್ಲ. ನಮ್ಮ ಅಂಗಳದ ಕಸವನ್ನು ಗಾಳಿಗೆ ತೂರಿ ಅಂಗಳ ಶುದ್ಧವಾಯಿತೆಂದರೆ ನೆರೆಯವರು ಒಪ್ಪುವರೇ? ಮಹಾನಗರದ ಮಗುವಿಗೆ ಕೆಡುಕೆನಿಸಿದ ಗಾಳಿ ಹಳ್ಳಿಯ ಮಗುವಿಗೆ ಹಿತವಾದೀತೇ? ಜನ ಕಡಿಮೆ ಇರುವಲ್ಲಿ ಜೀವದ ಬೆಲೆಯೂ ಕಡಿಮೆಯೆಂಬ ಲೆಕ್ಕಾಚಾರ ನ್ಯಾಯವಲ್ಲ.

ಸ್ಥಾವರಗಳನ್ನು ನಾಳೆಯೇ ಮುಚ್ಚಬೇಕೆಂಬುದು ನಮ್ಮ ವಾದವಲ್ಲ. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಉದ್ಯಾನವಿದ್ದರೂ ಇರುಳಿನಲ್ಲಿ ಸೂರ್ಯನಿರುವುದಿಲ್ಲ. ಕಲ್ಲಿದ್ದಲಿನ ಅವಲಂಬನೆ ಹಂತಹಂತವಾಗಿಯೇ ತಗ್ಗಬೇಕು. ಅದು ತಗ್ಗುವವರೆಗೆ, ಉರಿಯುವ ಪ್ರತಿಯೊಂದು ಒಲೆಗೂ ಒಂದೇ ನಿಯಮವಿರಲಿ. ಅನಿಲವನ್ನು ಶುದ್ಧಗೊಳಿಸುವ ಯಂತ್ರಗಳು ಜಗತ್ತಿನಲ್ಲಿ ದಶಕಗಳಿಂದ ಬಳಕೆಯಲ್ಲಿವೆ. ಅವುಗಳಿಂದ ವಿದ್ಯುತ್ತಿನ ದರ ಸ್ವಲ್ಪ ಏರುವುದಾದರೆ ಶಕ್ತಿಯುಳ್ಳವರು ಅದನ್ನು ಭರಿಸೋಣ. ಇಂದು ಅದೇ ಹಣವನ್ನು ಸ್ಥಾವರದ ಸುತ್ತಲಿನ ಕುಟುಂಬಗಳು ಔಷಧದ ಅಂಗಡಿಯಲ್ಲಿ ತೆರಬೇಕಾಗಿದೆ. ಬಿಲ್ಲು ನಮ್ಮದಾಗಿದ್ದರೆ ಅದನ್ನು ಪಾವತಿಸಬೇಕಾದವರೂ ನಾವೇ.