ನಾಯಿಯಲ್ಲಿಯೂ ಕುಲಮದವೇ?

ಪೆಟ್ಟು ತಿಂದು ಸಾಯುತ್ತಿದ್ದ ನಾಯಿಗೆ ಜೀವಂಧರನು ಪಂಚನಮಸ್ಕಾರ ಮಂತ್ರವನ್ನು ಕೇಳಿಸಿದನು. ಅದು ಸುದರ್ಶನ ಯಕ್ಷನಾಗಿ ಹುಟ್ಟಿತು. ಭಾಸ್ಕರ ಕವಿ 1424ರಲ್ಲಿ ಕನ್ನಡದಲ್ಲಿ ಹಾಡಿದ ಈ ಚರಿತೆಯನ್ನು ಬಸದಿಯಲ್ಲಿ ಕೇಳಿ ತಲೆದೂಗುವ ಶ್ರಾವಕರೇ, ಮನೆಗೆ ನಾಯಿ ಬೇಕೆನಿಸಿದಾಗ ಸಾವಿರಾರು ರೂಪಾಯಿ ತೆತ್ತು ಶುದ್ಧ ತಳಿಯ ಮರಿಯನ್ನು ಅರಸುತ್ತಾರೆ. ಜೀವಂಧರನು ಆ ನಾಯಿಯ ತಳಿಯನ್ನೂ ವಿಚಾರಿಸಲಿಲ್ಲ, ಪ್ರಾಯವನ್ನೂ ಕೇಳಲಿಲ್ಲ. ಸಮಂತಭದ್ರಾಚಾರ್ಯರು ಹೇಳಿದ ಎಂಟು ಮದಗಳಲ್ಲಿ ಕುಲಮದ, ಜಾತಿಮದಗಳೂ ಸೇರಿವೆ. ತನ್ನ ಕುಲದ ಮದವನ್ನು ತೊರೆದವನು ನಾಯಿಯ ಕುಲದಿಂದ ಬೀಗುವುದು ಯಾವ ವ್ರತ?

ಬೆಳೆದ ನಾಯಿ ಹೊಸ ಮನೆಗೆ ಒಗ್ಗದೆಂಬುದು ಹುರುಳಿಲ್ಲದ ಮಾತು. ಬೇಕಾದುದು ಕೆಲವು ವಾರಗಳ ತಾಳ್ಮೆ. ಅದರ ಗಾತ್ರ, ಸ್ವಭಾವಗಳು ಕಣ್ಣೆದುರಿಗಿರುತ್ತವೆ; ಬೆರಕೆ ಮರಿಯಲ್ಲಾದರೆ ಅವು ಬರಿಯ ಊಹೆ. ಮರಿಯಾಗಿದ್ದಾಗ ಮುದ್ದಿಸಿಕೊಂಡು, ಬೆಳೆದ ಮೇಲೆ ಬೀದಿಗೆ ತಳ್ಳಿಸಿಕೊಂಡವೂ ಹೀಗೆ ಮನೆಗಾಗಿ ಕಾದಿವೆ. ಸಾಕಿದ ಪ್ರಾಣಿಯನ್ನು ಹಸಿವೆಗೆ ಗುರಿಮಾಡಿ ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ! ತತ್ತ್ವಾರ್ಥಸೂತ್ರವಾದರೋ ಅನ್ನಪಾನನಿರೋಧವನ್ನು ಅಹಿಂಸಾಣುವ್ರತದ ಅತಿಚಾರವೆಂದೇ ಎಣಿಸಿದೆ.

ಗೋಶಾಲೆಗೆ ಧನಸಹಾಯ ಮಾಡುವ ಟ್ರಸ್ಟುಗಳು ಇತ್ತಲೂ ನೋಡಲಿ. ಸಂತಾನಹರಣ ಚಿಕಿತ್ಸೆಯೂ ರೇಬೀಸ್ ಲಸಿಕೆಯೂ ಆಗಿರುವ ನಾಯಿಗಳ ವಿವರವನ್ನು ಬಸದಿಯ ಫಲಕದಲ್ಲಿ ಬರೆಯಲು ಒಂದು ಸೀಮೆಸುಣ್ಣ ಸಾಕು.