ಹೆರಾತಿನವನು ಕಂಡ ಹೂವಿನ ಪೇಟೆ

ಪರದೇಶಕ್ಕೆ ಹೊರಟವರೆಲ್ಲರೂ ಹಂಬಲಿಸಿ ಹೊರಟವರಲ್ಲ. ಒಡೆಯನ ಅಪ್ಪಣೆಗೆ ತಲೆಬಾಗಿ, ಎದೆಯಲ್ಲಿ ಅಳುಕನ್ನಿಟ್ಟುಕೊಂಡು ಹೊರಟವರೂ ಉಂಟು. ಅಬ್ದುರ್ ರಜಾಕನು ಅಂಥವನೊಬ್ಬ. ಇಂದಿನ ಆಫ್ಘಾನಿಸ್ತಾನಕ್ಕೆ ಸೇರಿದ ಹೆರಾತ್ ಅವನ ಊರು. ತೈಮೂರನ ಮಗನಾದ ಶಾರುಖ್ ಅವನ ಸುಲ್ತಾನ. ದಕ್ಷಿಣ ಭಾರತಕ್ಕೆ ರಾಯಭಾರಿಯಾಗಿ ಹೋಗತಕ್ಕದ್ದೆಂದು ಆಜ್ಞೆಯಾಗಿ, 1442ರ ಜನವರಿಯಲ್ಲಿ ಆತ ಮನೆ ಬಿಟ್ಟಾಗ ಇನ್ನೂ ಮೂವತ್ತು ತುಂಬಿರಲಿಲ್ಲ.

ಹೊರ್ಮುಜಿನಲ್ಲಿ ಹಡಗನ್ನೇರಿದೊಡನೆ ಅದರ ನಾತಕ್ಕೂ ಕಡಲಿನ ಭಯಕ್ಕೂ ಪ್ರಜ್ಞೆ ತಪ್ಪಿತು. ಮೂರು ದಿನ ಉಸಿರಾಟವೊಂದೇ ಬದುಕಿನ ಗುರುತಾಗಿತ್ತೆಂದು ಅವನೇ ಬರೆದಿದ್ದಾನೆ. ಒಮಾನಿನ ಕರಾವಳಿಯಲ್ಲಿ ಬೇಸಗೆ ಕಳೆಯಬೇಕಾಯಿತು. ಒರೆಯಲ್ಲಿದ್ದ ಕತ್ತಿ ಮೇಣದಂತೆ ಕರಗಿತೆನ್ನುವಷ್ಟು ಅಲ್ಲಿಯ ಬಿಸಿಲನ್ನು ಹಿಗ್ಗಿಸಿ ಹೇಳುತ್ತಾನೆ. ಆದರೆ ಅಲ್ಲಿ ನಡೆದ ಇನ್ನೊಂದು ಸಂಗತಿಯಲ್ಲಿ ಅತಿಶಯೋಕ್ತಿಯಿಲ್ಲ. ಜೊತೆಯಲ್ಲಿ ಬಂದಿದ್ದ ಅಣ್ಣ ಜ್ವರದಿಂದ ತೀರಿಕೊಂಡನು. ಪರದೇಶದ ಮಣ್ಣಿನಲ್ಲಿ ಅಣ್ಣನನ್ನು ಹೂಳಿ ತಮ್ಮನು ಮತ್ತೆ ಹಡಗು ಹತ್ತಬೇಕಾಯಿತು. ಕಲ್ಲೀಕೋಟೆಗೆ ಬಂದಿಳಿದಾಗ ಅಲ್ಲಿಯ ಬಂದರಿನ ನ್ಯಾಯವನ್ನೂ ಸುರಕ್ಷತೆಯನ್ನೂ ಹೊಗಳಿದನೇ ಹೊರತು ಮನಸ್ಸು ಅರಳಲಿಲ್ಲ. ಅಲ್ಲಿದ್ದ ತಿಂಗಳುಗಳು ಅವನಿಗೆ ಸೆರೆವಾಸದಂತಿದ್ದುವು.

ಅಷ್ಟರಲ್ಲಿ ವಿಜಯನಗರದಿಂದ ಕರೆ ಬಂದಿತು. ಆಗ ಅಲ್ಲಿ ಇಮ್ಮಡಿ ದೇವರಾಯನು, ನಮ್ಮ ಸಾಹಿತ್ಯದಲ್ಲಿ ಪ್ರೌಢದೇವರಾಯನೆಂದು ಹೆಸರಾದವನು, ಆಳುತ್ತಿದ್ದನು. ರಜಾಕನು ಕಡಲ ಮಾರ್ಗವಾಗಿ ಮಂಗಳೂರಿಗೆ ಬಂದು, ಘಟ್ಟವನ್ನು ದಾಟಿ, 1443ರ ಏಪ್ರಿಲ್ ಕೊನೆಯ ಹೊತ್ತಿಗೆ ರಾಜಧಾನಿಯನ್ನು ಮುಟ್ಟಿದನು. ಅಂದಿನಿಂದ ಅವನ ಲೇಖನಿಯ ನಡೆಯೇ ಬೇರೆ.

ನಮ್ಮ ಕಾವ್ಯಗಳಲ್ಲಿ ಪುರವರ್ಣನೆಗೆ ಬರವಿಲ್ಲ. ಅಷ್ಟಾದಶ ವರ್ಣನೆಗಳಲ್ಲಿ ಅದೂ ಒಂದೆಂದ ಮೇಲೆ ಕವಿಯಾದವನು ಬಿಡುವಂತಿಲ್ಲ. ಆದುದರಿಂದಲೇ ಎಷ್ಟೋ ಪುರಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ. ಈ ಪರದೇಶಿಯಾದರೋ ಅಳೆಯುತ್ತಾನೆ, ಎಣಿಸುತ್ತಾನೆ. ಒಂದರೊಳಗೊಂದಾಗಿ ಏಳು ಕೋಟೆಗಳು. ಹೊರಗೋಡೆಯ ಸುತ್ತ, ಐವತ್ತು ಗಜದಗಲದ ಪಟ್ಟಿಯಲ್ಲಿ, ಆಳುದ್ದದ ಕಲ್ಲುಗಳನ್ನು ಅರ್ಧ ನೆಲದೊಳಗೆ ಅರ್ಧ ಮೇಲೆ ನಿಲ್ಲುವಂತೆ ಒತ್ತೊತ್ತಾಗಿ ಹೂಳಲಾಗಿದೆ. ಕುದುರೆಯಾಗಲಿ ಕಾಲಾಳಾಗಲಿ ನುಗ್ಗಿ ಬರುವಂತಿಲ್ಲ. ಮೊದಲ ಮೂರು ಕೋಟೆಗಳ ನಡುವೆ ಹೊಲ, ತೋಟ, ಮನೆಗಳು. ಮೂರರಿಂದ ಏಳರವರೆಗೆ ಅಂಗಡಿಬೀದಿಗಳು. ಎಲ್ಲಕ್ಕೂ ಒಳಗೆ ಅರಮನೆ. ಅದರ ವಿಸ್ತಾರವನ್ನು ಹೇಳುವಾಗ ಅವನ ಕೈಯಲ್ಲಿರುವ ಅಳತೆಗೋಲು ಹೆರಾತಿನ ಪೇಟೆಯೇ. ಹುಟ್ಟೂರನ್ನು ಮರೆತು ಯಾರು ತಾನೆ ಪರವೂರನ್ನು ನೋಡಬಲ್ಲರು?

ಪೇಟೆಯಲ್ಲಿ ಮುತ್ತು ಮಾಣಿಕ್ಯಗಳನ್ನು ಬಹಿರಂಗವಾಗಿ ಹರಡಿಕೊಂಡು ಮಾರುತ್ತಿದ್ದರು. ಅದಕ್ಕೆ ಬೆರಗಾದದ್ದು ಸಹಜ. ಆದರೆ ಅವನಿಗೆ ನಿಜವಾಗಿ ಹಿಗ್ಗು ತಂದದ್ದು ಎರಡು: ನಯಗೊಳಿಸಿದ ಕಲ್ಲಿನ ಕಾಲುವೆಗಳಲ್ಲಿ ಹರಿಯುವ ನೀರು, ಎಲ್ಲೆಲ್ಲೂ ಮಾರಾಟಕ್ಕಿದ್ದ ಗುಲಾಬಿ. ಈ ಜನಕ್ಕೆ ಅನ್ನವೆಷ್ಟೋ ಗುಲಾಬಿಯೂ ಅಷ್ಟೇ ಎಂದು ಆತನಿಗೆ ತೋರಿತು. ನೀರೂ ಗುಲಾಬಿಯೂ ಪಾರ್ಸಿ ಕವಿಗಳ ಉದ್ಯಾನದ ಜೀವಾಳ. ನಾವಾಡುವ ಗುಲಾಬಿಯೆಂಬ ಮಾತೇ ಅವರ ನುಡಿಯಿಂದ ಬಂದದ್ದು. ಅಣ್ಣನನ್ನು ಕಳೆದುಕೊಂಡು, ಭಾಷೆ ತಿಳಿಯದ, ಮತಾಚಾರ ಬೇರೆಯಾದ ಊರಿಗೆ ಬಂದವನಿಗೆ ಬೀದಿಯಲ್ಲಿ ತನ್ನೂರಿನ ಹೂವೇ ಎದುರಾಯಿತು. ಅಪರಿಚಿತವಾದ ನಾಡು ಹಿತವಾಗುವುದು ಬಹುಶಃ ಇಂಥ ಕಡೆಯಲ್ಲಿಯೇ.

ನಾಲ್ವತ್ತು ಕಂಬಗಳ ಸಭಾಮಂಟಪದಲ್ಲಿ ದೊರೆಯ ದರ್ಶನವಾಯಿತು. ರಜಾಕನು ಐದು ಕುದುರೆಗಳನ್ನೂ ಬಟ್ಟೆಗಳನ್ನೂ ಒಪ್ಪಿಸಿದನು. ಮೈಮೇಲೆ ತನ್ನ ನಾಡಿನ ಹಲವು ನಿಲುವಂಗಿಗಳು. ಹೊರಗೆ ಬೇಸಗೆಯ ಧಗೆ. ಬೆವರಿನಲ್ಲಿ ತೊಯ್ದುಹೋದ ರಾಯಭಾರಿಯನ್ನು ಕಂಡು ಮರುಕಗೊಂಡ ದೇವರಾಯನು ತನ್ನ ಕೈಯಲ್ಲಿದ್ದ ಚೀನದ ಬೀಸಣಿಗೆಯನ್ನೇ ಕೊಟ್ಟುಬಿಟ್ಟನು. ವೀಳ್ಯ, ಕರ್ಪೂರ, 500 ಹಣಗಳ ಚೀಲವೂ ಬಂದುವು. ನಿಮ್ಮಲ್ಲಿ ರಾಯಭಾರಿಗಳನ್ನು ಕೂಡಿಸಿಕೊಂಡು ಉಣ್ಣುವ ರೂಢಿಯುಂಟು. ನಾವೂ ನೀವೂ ಸಹಪಂಕ್ತಿಯಲ್ಲಿ ಕೂರುವಂತಿಲ್ಲವಾದ್ದರಿಂದ ಈ ಹೊನ್ನೇ ನಿಮಗೆ ಔತಣ ಎಂಬ ಅರ್ಥದ ಮಾತನ್ನು ದುಭಾಷಿಯ ಮೂಲಕ ಹೇಳಿಸಿದನಂತೆ. ನಡುವಿನ ಗೋಡೆಯನ್ನು ಮುಚ್ಚಿಡದೆ, ಅದರ ಮೇಲಿಂದಲೇ ಕೈನೀಡಿದ ಸೌಜನ್ಯವಿದು. ಬಿಡಾರಕ್ಕೆ ದಿನವೂ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಮೇಲೆ ಎರಡು ವರಾಹ.

ವೀಳ್ಯವಂತೂ ಅವನನ್ನು ಗೆದ್ದುಬಿಟ್ಟಿತು. ಎಲೆ, ಅಡಕೆ, ಸುಣ್ಣ ಸೇರುವ ಕ್ರಮವನ್ನೂ, ಮುಖಕ್ಕೇರುವ ಕೆಂಪನ್ನೂ, ಹಲ್ಲು ಗಟ್ಟಿಯಾಗುವುದನ್ನೂ ವಿವರಿಸಿ ಹೊಗಳುತ್ತಾನೆ. ಇನ್ನೊಂದು ಗುಣವನ್ನೂ ಹೇಳಿದ್ದಾನೆ. ಅದು ಮನೆಮಂದಿಯೆಲ್ಲ ಓದುವ ಪತ್ರಿಕೆಗೆ ತಕ್ಕುದಲ್ಲ.

ಸುಖ ಕೊನೆಯವರೆಗೆ ಉಳಿಯಲಿಲ್ಲ. ಮಹಾನವಮಿಯ ವೈಭವವನ್ನು ಕಂಡನು, ನಿಜ. ಆದರೆ ಆತ ನಿಜವಾದ ರಾಯಭಾರಿಯೇ ಅಲ್ಲವೆಂದು ಹೊರ್ಮುಜಿನ ಕೆಲವರು ಸುದ್ದಿ ಹಬ್ಬಿಸಿದರು, ಸತ್ಕಾರ ಕುಗ್ಗಿತು. ನವೆಂಬರಿನಲ್ಲಿ ಹೊರಟು, ಮತ್ತೆ ಅದೇ ಕಡಲು, ಜೊತೆಗೆ ಬಿರುಗಾಳಿ, 1444ರಲ್ಲಿ ಹೊರ್ಮುಜನ್ನು ಸೇರಿದನು. ಮುಂದೆ ಬರೆದ ತನ್ನ ಚರಿತ್ರೆಯಲ್ಲಿ ಆ ಅವಮಾನವನ್ನು ಮರೆಮಾಚಿಲ್ಲ. ಆದರೂ ಪೇಟೆಯನ್ನು ವರ್ಣಿಸುವ ಪುಟಗಳಿಗೆ ಅದರ ಕಹಿಯನ್ನು ಸೋಂಕಲು ಬಿಟ್ಟಿಲ್ಲ. ಅಲ್ಲಿ ಗುಲಾಬಿ ಮಾರುವವರು ಮೊದಲ ದಿನ ಕಂಡಂತೆಯೇ ಕುಳಿತಿದ್ದಾರೆ.